ಲ್ಯಾಪ್‌ಟಾಪಿಗೆ ಬಂದ ಹೊಸ ಒಕ್ಕಲು

ಆ ಭಾನುವಾರ ಬೆಳಿಗ್ಗೆ ನಮ್ಮ ನಡುಮನೆಯಲ್ಲಿ ಮೂವರು ಹೆಂಗಸರಿದ್ದೆವು. ಅಡುಗೆಮನೆಯ ಒಲೆಯ ಮುಂದೆ ನಿಂತು, ಬಾಗಿಲಿನಿಂದ ಕತ್ತು ಮಾತ್ರ ಈಚೆಗೆ ಚಾಚಿದ್ದವಳು ನನ್ನ ಸೋದರತ್ತೆ ಹೊನ್ನಮ್ಮ. ಚಾಪೆಯ ಮೇಲೆ, ಡಾಕ್ಟರ ಕೋಣೆಯ ಹೊರಗೆ ಕಾದವರ ಹಾಗೆ ಕೈಕಟ್ಟಿಕೊಂಡು ಕೂತಿದ್ದವಳು ನಮ್ಮ ಹಿತ್ತಲ ಸಾಲಿನ ಕೊನೆಯ ರೂಮಿನ ನೀಲವ್ವ. ಅವಳ ಪಕ್ಕದಲ್ಲಿ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಎಲ್ಲ ಬಲ್ಲವಳ ಮುಖ ಮಾಡಿಕೊಂಡಿದ್ದವಳು ನಾನು. ನಮ್ಮ ಮುಂದೆ, ಮದುವೆಗಂಡನ್ನು ಕೂರಿಸುವ ಹಳೆಯ ಮಣೆಯ ಮೇಲೆ, ಮುಚ್ಚಳದ ಮೂಲೆಗೆ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು ಒಂದು ಲ್ಯಾಪ್‌ಟಾಪು.

ಅದರ ಹೊಟ್ಟೆಯೊಳಗಿದ್ದ ಹಳೆಯ ಆಪರೇಟಿಂಗ್ ಸಿಸ್ಟಮನ್ನು ಖಾಲಿ ಮಾಡಿಸಿ ಹೊಸದೊಂದನ್ನು ಒಳಗೆ ಕರೆಯುವುದು ಅಂದಿನ ಕಾರ್ಯಕ್ರಮ. ಅದಕ್ಕೆ ಅರಿಸಿನ ಕುಂಕುಮ ಯಾಕೆಂದು ನೀವು ಕೇಳಬಹುದು. ಕೇಳಿದರೆ ಅತ್ತೆಯನ್ನೇ ಕೇಳಬೇಕು, ನನಗಂತೂ ಅಷ್ಟು ಧೈರ್ಯವಿರಲಿಲ್ಲ.

ಮೊದಲು ಆ ಲ್ಯಾಪ್‌ಟಾಪು ನಮ್ಮ ಮನೆಗೆ ಹೇಗೆ ಬಂತೆಂದು ಹೇಳಿಬಿಡುತ್ತೇನೆ. ನಾವು ಪಟ್ಟಂದೂರು ಅಗ್ರಹಾರದ ಹಳಬರು. ಅಜ್ಜ ರಾಗಿ ಬೆಳೆದ ಹೊಲದಲ್ಲಿ ಅಪ್ಪ ರೂಮು ಬೆಳೆದರು. ಪಕ್ಕದಲ್ಲಿ ಐಟಿ ಪಾರ್ಕು ಎದ್ದಮೇಲೆ ನಮ್ಮ ಹಿತ್ತಲು ಒಂದು ಸಾಲಾಯಿತು, ಸಾಲಿನ ಮೇಲೆ ಮಹಡಿಯಾಯಿತು, ಮಹಡಿಯ ಮೇಲೆ ನೀರಿನ ಟ್ಯಾಂಕು. ಬಾಡಿಗೆಗೆ ಬಂದವರು ಹೋಗುವಾಗ ಏನಾದರೊಂದು ಬಿಟ್ಟೇ ಹೋಗುತ್ತಾರೆ. ಒಂಟಿ ಚಪ್ಪಲಿ, ಶಿಳ್ಳೆ ಇಲ್ಲದ ಕುಕ್ಕರು, ಯಾವ ದೇವರೆಂದು ನಮಗೆ ಗುರುತು ಸಿಗದ ಯಾವುದೋ ದೂರದೂರಿನ ದೇವರ ಪಟ, ಒಮ್ಮೆ ಒಂದು ಗಬ್ಬದ ಬೆಕ್ಕು. ಚಿಕ್ಕವಳಿದ್ದಾಗ ರೂಮು ಖಾಲಿಯಾದ ದಿನ ನನಗೆ ಹಬ್ಬ. ಅತ್ತೆ ಪೊರಕೆ ಹಿಡಿದು ಮುಂದೆ, ನಾನು ನಿಧಿ ಹುಡುಕುವವಳಂತೆ ಹಿಂದೆ. ಗೋಲಿ ಸಿಕ್ಕಿದ್ದಿದೆ, ಅರ್ಧ ಸುಟ್ಟ ಸುರ್‌ಸುರ್‌ಬತ್ತಿ ಸಿಕ್ಕಿದ್ದಿದೆ. ಮಹಡಿಯ ರೂಮಿನ ಕಂಪ್ಯೂಟರ್ ಹುಡುಗ ಹೋಗುವಾಗ ಬಿಟ್ಟದ್ದು ಈ ಲ್ಯಾಪ್‌ಟಾಪನ್ನು. ‘ಇದು ಓಡಲ್ಲ ಆಂಟಿ, ಇಟ್ಕೊಳ್ಳಿ’ ಎಂದು ಹೇಳಿಯೇ ಕೊಟ್ಟು ಹೋದ.

ನೋಡಲು ಚೆಂದ. ಊಟದ ತಟ್ಟೆಯಷ್ಟು ತೆಳು, ಎತ್ತಿದರೆ ಎತ್ತಿದ್ದೇ ಗೊತ್ತಾಗದಷ್ಟು ಹಗುರ. ಅತ್ತೆ ಒಮ್ಮೆ ಬಿಸಿಲಿಗೆ ಹರಡಿದ್ದ ಹಪ್ಪಳ ಹಾರದಿರಲೆಂದು ಅದನ್ನು ಬಟ್ಟೆಯ ಅಂಚಿಗೆ ಇಟ್ಟಳು. ಗಾಳಿ ಬಂದಾಗ ಹಪ್ಪಳವೂ ಹೋಯಿತು, ಬಟ್ಟೆಯೂ ಹೋಯಿತು, ಲ್ಯಾಪ್‌ಟಾಪು ತುಳಸಿ ಕಟ್ಟೆಗೆ ಒರಗಿ ನಿಂತಿತ್ತು. ‘ಕಲ್ಲಿನ ಕೆಲ್ಸಾನೂ ಬರಾಕಿಲ್ಲ ಇದಕ್ಕೆ’ ಎಂದು ಅತ್ತೆ ಅದನ್ನು ಅಟ್ಟಕ್ಕೆ ಹಾಕಿದ್ದಳು.

ಹೊನ್ನಮ್ಮ ಎಂದು ಬರೆದೆನಲ್ಲ, ಅದು ರೇಷನ್ ಕಾರ್ಡಿನ ಹೆಸರು. ಅವಳನ್ನೇ ಕೇಳಿದರೆ ‘ಒನ್ನಮ್ಮ’ ಎನ್ನುತ್ತಾಳೆ. ನಮ್ಮೂರಿನ ಹಳೆಯ ನಾಲಿಗೆಗೆ ಹಕಾರದ ಗೊಡವೆಯೇ ಇಲ್ಲ. ಊವು, ಅಣ್ಣು, ಅಸ, ಉಲ್ಲು. ನಾನು ಮಾತು ಕಲಿತದ್ದು ಅತ್ತೆಯ ಸೊಂಟದ ಮೇಲೆ ಕೂತು, ಅವಳು ದನಕ್ಕೆ, ಬೀದಿಗೆ, ದೇವರಿಗೆ ಬೈಯುವುದನ್ನು ಕೇಳಿಕೊಂಡು. ಶಾಲೆಗೆ ಸೇರಿದ ಹೊಸದರಲ್ಲಿ ಮೇಷ್ಟ್ರು ಎದ್ದು ನಿಲ್ಲಿಸಿ ‘ಹತ್ತು ಹಸುಗಳು ಹುಲ್ಲು ಮೇಯ್ದವು’ ಎಂಬ ಸಾಲು ಓದಿಸಿದರು. ನಾನು ಗಟ್ಟಿಯಾಗಿ ‘ಅತ್ತು ಅಸುಗಳು ಉಲ್ಲು ಮೇಯ್ದವು’ ಎಂದೆ. ‘ಯಾಕಮ್ಮಾ ಅಳ್ತಾ ಮೇಯ್ದವು? ಹೊಟ್ಟೆನೋವಾ ಅವಕ್ಕೆ?’ ಎಂದರು ಮೇಷ್ಟ್ರು. ತರಗತಿಯೆಲ್ಲ ನಕ್ಕಿತು. ಮನೆಗೆ ಬಂದು ನಾನು ನಿಜವಾಗಿಯೂ ಅತ್ತು, ಅವತ್ತಿನಿಂದ ಹಕಾರದ ವ್ರತ ಹಿಡಿದೆ. ವ್ರತ ಎಷ್ಟು ಜೋರೆಂದರೆ ಬೇಡದ ಕಡೆಯೂ ಹಕಾರ ಬಂದು ಕೂರತೊಡಗಿತು. ಶೆಟ್ಟರ ಅಂಗಡಿಗೆ ಹೋಗಿ ‘ಎರಡು ಸೇರು ಹಕ್ಕಿ ಕೊಡಿ’ ಎಂದೆ. ಶೆಟ್ಟರು ತಕ್ಕಡಿ ಕೆಳಗಿಟ್ಟು, ‘ಪುಕ್ಕ ಕಿತ್ತು ಕೊಡ್ಲೋ, ಇಲ್ಲಾ ಅಂಗೇ ಕೊಡ್ಲೋ?’ ಎಂದು ಕೇಳಿದರು.

ಕಾಲಕ್ರಮದಲ್ಲಿ ಹಕಾರ ತನ್ನ ತನ್ನ ಜಾಗಕ್ಕೆ ಬಂತು. ಈಗ ನಾನು ಹೋಳಿಗೆ, ಹುಳಿಯನ್ನ ಎಂದರೆ ಎದುರಿನವರಿಗೆ ಗಾಳಿ ತಾಗಬೇಕು, ಹಾಗೆ ಅನ್ನುತ್ತೇನೆ. ಅತ್ತೆಯ ನೆರಳು ನನ್ನ ನಾಲಿಗೆಯ ಮೇಲಿಂದ ಹೊರಟುಹೋಗಿ ಯಾವ ಕಾಲವಾಯಿತೋ ಎಂದು ಒಳಗೊಳಗೇ ಜಂಬಪಟ್ಟುಕೊಂಡಿದ್ದೆ. ಆ ಜಂಬದ ಗತಿ ಏನಾಯಿತೆಂದು ಮುಂದೆ ಗೊತ್ತಾಗುತ್ತದೆ.

ಹುಳಿಯನ್ನದ ಮಾತು ಯಾಕೆ ಬಂತೆಂದರೆ ನಾನಿರುವುದು ಐಟಿ ಪಾರ್ಕಿನ ಕ್ಯಾಂಟೀನಿನಲ್ಲಿ, ಕೂಪನ್ ಹರಿದು ಕೊಡುವ ಕಿಟಕಿಯ ಹಿಂದೆ. ಆದರೆ ನೆಂಟರಿಷ್ಟರಿಗೆಲ್ಲ ‘ಪದ್ದಿ ಐಟಿ ಪಾರ್ಕಿನಲ್ಲಿ ಕೆಲಸದಲ್ಲಿದ್ದಾಳೆ’ ಎನ್ನುವಷ್ಟೇ ಗೊತ್ತು. ಯಾರ ಮನೆಯ ಟಿವಿ ಕೆಟ್ಟರೂ ನನಗೆ ಫೋನು. ‘ಅದು ನನ್ನ ವಿಭಾಗ ಅಲ್ಲ’ ಎಂದು ಗಂಭೀರವಾಗಿ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಸುಳ್ಳೇನೂ ಅಲ್ಲವಲ್ಲ.

ನೀಲವ್ವನ ಹತ್ತಿರ ಮಾತ್ರ ಹಾಗೆ ಹೇಳಲಾಗಲಿಲ್ಲ.

ನೀಲವ್ವ ಕುಷ್ಟಗಿ ಕಡೆಯವಳು. ಗಂಡ ಶರಣಪ್ಪ ಕಟ್ಟಡಗಳಿಗೆ ಸೆಂಟ್ರಿಂಗ್ ಹಲಗೆ ಹೊಡೆಯುತ್ತಾನೆ. ಇವಳು ಬಿ.ಎ. ಓದಿ, ಕನ್ನಡ ಬೆರಳಚ್ಚು ಕಲಿತು, ಇಲ್ಲಿಗೆ ಬಂದು ಗಾರ್ಮೆಂಟ್ಸಿನಲ್ಲಿ ದಿನವಿಡೀ ನಿಂತು ಅಂಗಿಗಳ ಗುಂಡಿ ಎಳೆದು ನೋಡುತ್ತಿದ್ದಳು. ಇಬ್ಬರೂ ದುಡಿಯಲು ಹೋದರೆ ಮಗುವನ್ನು ನೋಡುವವರು ಯಾರು? ಹಾಗಾಗಿ ಮಗಳು ಗಂಗಾ ಕುಷ್ಟಗಿಯಲ್ಲಿ ಅಜ್ಜಿಯ ಹತ್ತಿರ. ದಿನಾ ಸಂಜೆ ನಲ್ಲಿಯ ಕಟ್ಟೆಯ ಮೇಲೆ ಕೂತು ನೀಲವ್ವ ಫೋನಿನಲ್ಲಿ ಮಗಳ ಮುಖ ನೋಡುತ್ತಿದ್ದಳು. ಮಗು ಕೇಳುತ್ತಿದ್ದದ್ದು ಒಂದೇ ಮಾತು: ‘ಯವ್ವಾ, ನಾ ಅಲ್ಲಿಗೆ ಯಾವಾಗ ಬರ್ಲಿ?’ ಇವಳು ಹೇಳುತ್ತಿದ್ದದ್ದೂ ಒಂದೇ: ‘ಬರೂ ವಾರ.’ ಬರುವ ವಾರ ಬರುತ್ತಲೇ ಇರಲಿಲ್ಲ.

ಆಗ ಅವಳಿಗೊಂದು ದಾರಿ ಕಂಡಿತು. ಹಳ್ಳಿಯವರು ಫೋನು ಮಾಡಿ ಹೇಳಿಕೊಂಡ ಕಷ್ಟಸುಖವನ್ನು ಕೇಳಿಸಿಕೊಂಡು ಕನ್ನಡದಲ್ಲಿ ಬೆರಳಚ್ಚು ಮಾಡಿಕೊಡುವ ಕೆಲಸ. ಮನೆಯಲ್ಲೇ ಕೂತು ಮಾಡಬಹುದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಸೋಮವಾರ ಬೆಳಿಗ್ಗೆ ಮನೆಯಿಂದಲೇ ಪರೀಕ್ಷೆ. ಲ್ಯಾಪ್‌ಟಾಪು ಮಾತ್ರ ಸ್ವಂತದ್ದೇ ಇರಬೇಕು.

‘ಅಕ್ಕಾರ, ಅಟ್ಟದ ಮ್ಯಾಲೆ ಒಂದ್ ಐತಲ್ರಿ…’ ಎಂದು ಅವಳು ಸಂಕೋಚದಿಂದ ಕೇಳಿದಾಗ ಇಳಿಸಿ ಕೊಟ್ಟೆ. ಅದು ಎಚ್ಚರವಾಗುವ ಹೊತ್ತಿಗೆ ನೀಲವ್ವ ಸ್ನಾನ ಮುಗಿಸಿ ಬಂದಳು. ‘ಕುಷ್ಟಗಿ’ ಎಂದು ಒತ್ತಿದರೆ ಕು ಬಂತು, ಷ ಬಂತು, ಟ ಒತ್ತು ಬರುವಷ್ಟರಲ್ಲಿ ಅವಳ ಚಹಾ ಆರಿತ್ತು. ಗಿ ಬರಲೇ ಇಲ್ಲ. ‘ಇದರಾಗ ಪರೀಕ್ಷೆ ಬರದ್ರ ಗಂಗಾ ಮದಿವಿ ಆಗಿ ಹೋಗ್ತಾಳ್ರಿ’ ಎಂದು ನಕ್ಕಳು. ನಗು ಕಣ್ಣಿಗೆ ಮುಟ್ಟಿರಲಿಲ್ಲ.

ಮಾರನೆಯ ದಿನ ಕಿಟಕಿಯಲ್ಲಿ, ಮೊಸರನ್ನಕ್ಕೆ ತಪ್ಪದೆ ಎರಡು ಸಲ ಉಪ್ಪಿನಕಾಯಿ ಕೇಳುವ ಇಂಜಿನಿಯರ್ ಹುಡುಗನನ್ನು ಹಿಡಿದೆ. ಕೇಳಿಸಿಕೊಂಡು ಅವನೆಂದ: ‘ಲ್ಯಾಪ್‌ಟಾಪ್‌ಗೆ ಏನೂ ಆಗಿಲ್ಲ ಮೇಡಂ. ಒಳಗಿರೋ ಸಿಸ್ಟಮ್ ಅದಕ್ಕೆ ಭಾರ ಆಗ್ತಿದೆ. ಸಣ್ಣ ಮನೇಲಿ ದೊಡ್ಡ ಸಂಸಾರ ಇದ್ದಂಗೆ. ಖಾಲಿ ಮಾಡ್ಸಿ ಲಿನಕ್ಸ್ ಹಾಕ್ಬಿಡಿ. ಫ್ರೀ, ಹಗುರ, ಸಕ್ಕತ್ತಾಗಿ ಓಡುತ್ತೆ.’

ಸಣ್ಣ ಮನೆ, ದೊಡ್ಡ ಸಂಸಾರ, ಖಾಲಿ ಮಾಡಿಸುವುದು! ನನ್ನ ಮುಖ ಅರಳಿತು. ಇದು ಕಂಪ್ಯೂಟರ್ ವಿದ್ಯೆ ಎಂದು ನಾನು ಹೆದರಿಕೊಂಡಿದ್ದೆ. ನೋಡಿದರೆ ನಮ್ಮ ಮನೆತನದ ಕಸುಬು!

ಹುಡುಗ ಅದನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟು, ಏನೇನು ಮಾಡಬೇಕೆಂದು ಬಾಯಲ್ಲಿ ಹೇಳಿದ. ಶುಕ್ರವಾರ ಸಂಜೆ ಮನೆಗೆ ಬಂದವಳೇ ಅತ್ತೆಗೆ ವರದಿ ಒಪ್ಪಿಸಿದೆ. ಅತ್ತೆ ಸೊಪ್ಪು ಸೋಸುತ್ತಾ ವಿಚಾರಣೆ ಶುರುಮಾಡಿದಳು.

‘ಯಾವನೇ ಅವ್ನು, ಒಳಗೆ ಕೂತಿರೋನು?’

‘ಆಪರೇಟಿಂಗ್ ಸಿಸ್ಟಮ್ ಅಂತ ಅತ್ತೆ. ಲ್ಯಾಪ್‌ಟಾಪಿಗೆ ಯಜಮಾನ ಇದ್ದಂಗೆ.’

‘ಯಜಮಾನ್ರು ನಾವು. ಅವ್ನು ಬಾಡಿಗೆಯೋನು. ಜಾಗ ಎಲ್ಲಾ ಅವನೇ ತುಂಬ್ಕೊಂಡವ್ನಾ?’

‘ಮುಕ್ಕಾಲು ಪಾಲು ಅವನ ಸಾಮಾನೇ.’

‘ಕೂಗಿದ್ರೆ ಓಗೊಡ್ತಾನಾ?’

‘ಬಹಳ ನಿಧಾನ. ಮೇಲಾಗಿ ಹೊಸದು ಹಾಕಿಸು, ಹೊಸದು ಹಾಕಿಸು ಅಂತ ಆಗಾಗ ನಮ್ಮನ್ನೇ ಪೀಡಿಸ್ತಾನೆ.’

‘ಬಂದ ದಿನದಿಂದ ಸುಣ್ಣ ಒಡ್ಸು ಅನ್ನೋ ಒಕ್ಕಲು! ಕಳ್ಸು ಆಚೆಗೆ. ಒಸದಾಗಿ ಬರೋನ ಎಸ್ರೇನು?’

‘ಲಿನಕ್ಸ್.’

‘ಲಿಂಗಪ್ಪನಾ? ಎಸರು ಚೆನ್ನಾಗೈತೆ. ಕರೀ.’

ನಾನು ಉತ್ಸಾಹದಿಂದ ಲ್ಯಾಪ್‌ಟಾಪಿನ ಮುಚ್ಚಳ ಎತ್ತಿದೆ. ಅತ್ತೆ ಸೊಪ್ಪಿನ ಕಡ್ಡಿಯಲ್ಲೇ ನನ್ನ ಕೈಗೆ ಹೊಡೆದಳು. ‘ಶುಕ್ರವಾರ ಮನೆ ಖಾಲಿ ಮಾಡಿಸ್ತಾರೇನೇ? ಲಕ್ಷ್ಮೀ ಜತೇಗೆ ಎದ್ದೋಗಲ್ವಾ?’

‘ಸರಿ, ನಾಳೆ.’

‘ಶನಿವಾರ ಒಕ್ಕಲು ಬಂದ್ರೆ ಶನಿಮಾತ್ಮ ಜತೇಗೆ ಬತ್ತಾನೆ.’

ನೀಲವ್ವ ಬಾಗಿಲಲ್ಲಿ ನಿಂತು ಬೆರಳೆಣಿಸುತ್ತಿದ್ದಳು. ಉಳಿದದ್ದು ಭಾನುವಾರ ಒಂದೇ. ರಾಹುಕಾಲ ಸಂಜೆಗೆ, ಬೆಳಿಗ್ಗೆ ಅಡ್ಡಿಯಿಲ್ಲ ಎಂದು ತೀರ್ಪಾಯಿತು. ಮಹಡಿಯ ರೂಮುಗಳಿಗೆ ಅತ್ತೆ ಹೇಗೆ ದಿನ ನೋಡಿ ಜನ ಸೇರಿಸುತ್ತಾಳೋ ಹಾಗೆಯೇ ಈ ತಟ್ಟೆಯಷ್ಟು ಮನೆಗೂ ದಿನ ನೋಡಿದಳು. ಹೊಸ ಒಕ್ಕಲು ಬರುವಾಗ ಹಾಲುಕ್ಕಿಸುವುದು ನಮ್ಮಲ್ಲಿ ಕಡ್ಡಾಯ. ಯಾವ ರಾಜ್ಯದವರೇ ಬರಲಿ, ಯಾವ ಭಾಷೆಯವರೇ ಬರಲಿ, ಸ್ಟವ್ ಇನ್ನೂ ಬಂದಿಲ್ಲ ಎಂದರೆ ನಮ್ಮ ಒಲೆಯ ಮೇಲೆ ಅತ್ತೆಯೇ ಒಂದು ಪಾತ್ರೆ ಹಾಲಿಟ್ಟು, ಉಕ್ಕಿಸಿ, ಸಕ್ಕರೆ ಹಾಕಿ ಒಂದೊಂದು ಲೋಟ ಕೊಡುತ್ತಾಳೆ. ಆಮೇಲೆಯೇ ಬೀಗದ ಕೈ.

ಹಾಗಾಗಿ ಆ ಭಾನುವಾರ ಅವಳು ಒಲೆಯ ಮುಂದೆ ನಿಂತಿದ್ದಳು.

ಪೆನ್‌ಡ್ರೈವ್ ಚುಚ್ಚಿದ್ದಾಯಿತು. ಹುಡುಗ ನನ್ನ ಕನ್ನಡಕ್ಕೆ ಮರ್ಯಾದೆ ಕೊಟ್ಟು ಕನ್ನಡದಲ್ಲೇ ಹೇಳಿದ್ದ: ‘ಆನ್ ಆದ ತಕ್ಷಣ ಎಫ್ ಹನ್ನೆರಡು ಒತ್ತಿ ಮೇಡಂ.’ ನಾನು ಆನ್ ಮಾಡಿ, ಎಫ್ ಅಕ್ಷರ ಹುಡುಕಿ, ಭಕ್ತಿಯಿಂದ ಎಣಿಸುತ್ತಾ ಒತ್ತಿದೆ. ಒಂದು, ಎರಡು, ಮೂರು. ಹನ್ನೆರಡಕ್ಕೆ ನಿಲ್ಲಿಸಿದೆ. ಹಳೆಯ ಒಕ್ಕಲೇ ಕಣ್ಣುಜ್ಜಿಕೊಂಡು ಹೊರಗೆ ಬಂದ. ಎಣಿಕೆ ತಪ್ಪಿತೇನೋ ಎಂದು ಮತ್ತೆ ಆರಿಸಿ ಮತ್ತೆ ಒತ್ತಿದೆ. ಮತ್ತೆ ಅವನೇ. ಮೂರನೆಯ ಸಲಕ್ಕೆ ಅತ್ತೆಯೂ ಒಲೆಯ ಹತ್ತಿರದಿಂದ ಜೊತೆಗೂಡಿ ಎಣಿಸತೊಡಗಿದಳು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು, ‘ಅಕ್ಕಾರ, ಸಿಟ್ಟ ಆಗಬ್ಯಾಡ್ರಿ. ಮ್ಯಾಲಿನ ಸಾಲಿನ್ಯಾಗ ಎಫ್ ಹನ್ನೆರಡು ಅಂತ ಒಂದು ಗುಂಡೀನ ಐತ್ರಿ’ ಎಂದಳು.

ಅವಳೇ ಒತ್ತಿದಳು. ಪರದೆ ಕಪ್ಪಾಯಿತು, ಬಿಳಿ ಅಕ್ಷರಗಳು ಇರುವೆ ಸಾಲಿನಂತೆ ಹರಿದವು, ಆಮೇಲೆ ಭಾಷೆಗಳ ಪಟ್ಟಿ ಬಂತು. ಯಾವ್ಯಾವುದೋ ದೇಶಗಳ ಲಿಪಿಗಳ ನಡುವೆ ‘ಕನ್ನಡ’ ಎಂದು ಕನ್ನಡದಲ್ಲೇ ಬರೆದಿತ್ತು. ಒತ್ತಿದೆ. ಇಡೀ ಪರದೆಯೇ ಕನ್ನಡವಾಯಿತು. ನಾಲ್ಕನೇ ಕ್ಲಾಸು ಓದಿದ ಅತ್ತೆ ಈಚೆ ಬಂದು, ಬಗ್ಗಿ, ‘ಸು-ಸ್ವಾ-ಗ-ತ’ ಎಂದು ಕೂಡಿಸಿ ಓದಿ, ‘ಒಳ್ಳೇ ಮನೆತನದೋನು ಕಣೇ. ಬಂದ್ ತಕ್ಷಣ ಮಾತಾಡಿಸ್ತಾವ್ನೆ’ ಎಂದು ಹಿಗ್ಗಿ ಒಲೆಯ ಹತ್ತಿರ ಹೋದಳು.

ಮುಂದಿನ ಪ್ರಶ್ನೆಗೆ ಮಾತ್ರ ನನ್ನ ಕೈ ತಡೆಯಿತು. ಹಳೆಯ ಸಿಸ್ಟಮನ್ನು ಇರಗೊಟ್ಟು ಪಕ್ಕದಲ್ಲಿ ಹೊಸದನ್ನು ಇರಿಸಲೇ, ಅಥವಾ ಎಲ್ಲವನ್ನೂ ಅಳಿಸಿ ಹೊಸದನ್ನು ಹಾಕಲೇ ಎಂದು ಕೇಳುತ್ತಿತ್ತು. ಅಳಿಸಿದ ಮೇಲೆ ಹೊಸದು ಕೂರದೇ ಹೋದರೆ? ನಿಧಾನವಾಗಿಯಾದರೂ ಏಳುತ್ತಿದ್ದದ್ದು ಏಳದೇ ಹೋದರೆ? ಸೋಮವಾರಕ್ಕೆ ನೀಲವ್ವನ ಕೈಯಲ್ಲಿ ಏನೂ ಇರುವುದಿಲ್ಲ.

ಅತ್ತೆಗೆ ಪ್ರಶ್ನೆ ಓದಿ ಹೇಳಿದೆ. ಅವಳು ಸೌಟು ತೋರಿಸಿ ಹೇಳಿದಳು: ‘ಮುಂದಿನ್ ಮನೇಲಿ ಎರಡು ಸಂಸಾರ ಇಕ್ಕಿದ್ನಲ್ಲ, ಗ್ಯಾಪ್ಕ ಇಲ್ವಾ?’

ಜ್ಞಾಪಕ ಇಲ್ಲದೆ ಏನು! ಅಪ್ಪ ಬೇಡವೆಂದರೂ ಕೇಳದೆ, ಒಂದು ಅಡುಗೆಮನೆಯ ಮನೆಗೆ ಅತ್ತೆ ಎರಡು ಸಂಸಾರ ಸೇರಿಸಿದ್ದಳು. ಒಬ್ಬರು ಒಗ್ಗರಣೆ ಹಾಕಿದರೆ ಇನ್ನೊ‌ಬ್ಬರಿಗೆ ಸೀನು, ಇವರು ಕೊಡ ಇಟ್ಟರೆ ನಲ್ಲಿ ನಿಲ್ಲಿಸುವವರು ಅವರು. ಕೊನೆಗೆ ಒಂದೇ ರುಬ್ಬುಗುಂಡಿನ ಎರಡು ಕಡೆ ಇಬ್ಬರು ಹೆಂಗಸರೂ ಹಿಡಿದು ನಿಂತು, ಪಂಚಾಯಿತಿಗೆ ಹೋದ ಅತ್ತೆಯ ಕಾಲಿನ ಮೇಲೆ ಗುಂಡು ಬಿದ್ದು, ಹೆಬ್ಬೆರಳಿನ ಉಗುರು ಇವತ್ತಿಗೂ ಸೊಟ್ಟ.

‘ಒಬ್ಬನ್ನ ಪೂರಾ ಆಚೆ ಆಕು. ಗೋಡೆ ಮೊಳೆ ಸಮೇತ ಕಿತ್ಕೊಂಡೋಗ್ಲಿ’ ಎಂದಳು ಅತ್ತೆ.

ನಾನು ನೀಲವ್ವನ ಮುಖ ನೋಡಿದೆ. ಅವಳು ‘ಒತ್ರಿ ಅಕ್ಕಾರ. ಇದ್ದದ್ದು ಇದ್ದಂಗ ಇದ್ರೂ ನನ್ನ ಮಗಳು ಬರಂಗಿಲ್ಲಲ್ರಿ’ ಎಂದಳು.

ಒತ್ತಿದೆ. ಗುಡುಗಲಿಲ್ಲ, ಹೊಗೆ ಬರಲಿಲ್ಲ. ಒಂದು ಸಣ್ಣ ಪಟ್ಟಿ ಎಡದಿಂದ ಬಲಕ್ಕೆ ತೆವಳತೊಡಗಿತು. ಅದು ತೆವಳುತ್ತಿರುವಾಗಲೇ ಬಳಸುವವರ ಹೆಸರು ಕೇಳಿತು. ನೀಲವ್ವ ಎಂದು ಬರೆದೆ. ಆಮೇಲೆ ಪಾಸ್‌ವರ್ಡ್ ಕೊಡು, ಎರಡು ಸಲ ಕೊಡು ಎಂದಿತು. ಏನು ಕೊಡುವುದೆಂದು ನಾನು ತಲೆ ಎತ್ತಿದೆನೋ ಇಲ್ಲವೋ, ಒಲೆಯ ಹತ್ತಿರ ಭುಸ್ಸೆಂದು ಸದ್ದಾಯಿತು. ಸುಟ್ಟ ಹಾಲಿನ ಸಿಹಿ ವಾಸನೆ ನಡುಮನೆಗೆಲ್ಲ ಬಂತು. ಅತ್ತೆ ಎರಡೂ ಕೈ ಎತ್ತಿ ಕೂಗಿದಳು. ನೀಲವ್ವ ಚಪ್ಪಾಳೆ ತಟ್ಟಿದಳು. ಇದಕ್ಕಿಂತ ಒಳ್ಳೆಯ ಗುಟ್ಟಿನ ಮಾತು ಯಾವುದಿದೆ? ಹಾಲುಕ್ಕಿತು! ಅತ್ತೆ ಒಮ್ಮೆ ಕೂಗಿದಾಗ ಒಮ್ಮೆ, ಇನ್ನೊಮ್ಮೆ ಕೂಗಿದಾಗ ಇನ್ನೊಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲಿ ಟಕಟಕನೆ ಒತ್ತಿಬಿಟ್ಟೆ. ಪೆಟ್ಟಿಗೆಯಲ್ಲಿ ಬರೀ ಚುಕ್ಕಿಗಳು ಕಂಡವು. ಎರಡೂ ಸರಿಹೊಂದಿದವು ಎಂದಿತು.

ಮೂವರೂ ಒಂದೊಂದು ಲೋಟ ಹಾಲು ಕುಡಿಯುವಷ್ಟರಲ್ಲಿ ‘ಮುಗಿಯಿತು, ಮತ್ತೆ ಶುರುಮಾಡಿ’ ಎಂದು ಬಂತು. ಒತ್ತಿದೆ. ಅದೇ ಗಳಿಗೆಗೆ ಕರೆಂಟು ಹೋಯಿತು, ಮತ್ತೆ ಬಂದದ್ದು ನಾವೆಲ್ಲ ಮಲಗಿದ ಮೇಲೆ. ಭಾನುವಾರ ತಂತಿ ರಿಪೇರಿ ನಮ್ಮ ಕಡೆ ಮಾಮೂಲು, ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿತ್ತು. ಆದರೂ ಯಾರಿಗೂ ಬೇಸರವಾಗಲಿಲ್ಲ. ಅದೇ ಮುಗಿಯಿತು ಎಂದಿದೆಯಲ್ಲ! ನೀಲವ್ವ ಸಂಜೆ ಮಗಳಿಗೆ ‘ಬರೂ ವಾರ’ ಎನ್ನುವಾಗ ಸ್ವರವೇ ಬೇರೆ ಇತ್ತು.

ಸೋಮವಾರ ಅವಳು ತಲೆಗೆ ಸ್ನಾನ ಮಾಡಿ, ಮೊಳ ಮಲ್ಲಿಗೆ ಮುಡಿದು, ಫ್ಯಾಕ್ಟರಿಗೆ ರಜೆ ಹೇಳಿ ಬಂದಳು. ನಾನೂ ಕ್ಯಾಂಟೀನಿಗೆ ತಡವಾಗಿ ಬರುತ್ತೇನೆಂದು ಹೇಳಿದ್ದೆ. ಗುಂಡಿ ಒತ್ತಿದರೆ, ಅಬ್ಬಾ, ಹಳೆಯವನು ಆಕಳಿಸುವಷ್ಟರಲ್ಲಿ ಹೊಸಬ ಎದ್ದು ಮುಖ ತೊಳೆದು ನಿಂತಿದ್ದ. ನೀಲವ್ವ ಎಂಬ ಹೆಸರು, ಅದರ ಕೆಳಗೆ ಖಾಲಿ ಪೆಟ್ಟಿಗೆ. ನಾನು ಬೆರಳು ನೆಟಿಕೆ ಮುರಿದು ‘ಹಾಲುಕ್ಕಿತು’ ಎಂದು ಒತ್ತಿದೆ.

ತಪ್ಪು ಎಂದಿತು.

ಮತ್ತೆ ಒತ್ತಿದೆ. ತಪ್ಪು. ಮೊದಲ ಅಕ್ಷರ ದೊಡ್ಡದು ಮಾಡಿದೆ. ಕ ಒಂದು ಕಡಿಮೆ ಮಾಡಿದೆ, ಒಂದು ಜಾಸ್ತಿ ಮಾಡಿದೆ. ಹಾಲು ಬೇರೆ, ಉಕ್ಕಿತು ಬೇರೆ ಮಾಡಿದೆ. ತಪ್ಪು, ತಪ್ಪು, ತಪ್ಪು. ಇಂಜಿನಿಯರ್ ಹುಡುಗನಿಗೆ ಫೋನು ಮಾಡಿದೆ. ‘ಮೀಟಿಂಗಲ್ಲಿದೀನಿ ಮೇಡಂ’ ಎಂದು ಪಿಸುಗುಟ್ಟಿದ, ‘ಪಾಸ್‌ವರ್ಡ್ ಮರ್ತೋದ್ರೆ ಬೇರೆ ದಾರಿ ಇದೆ, ಆದ್ರೆ ಫೋನಲ್ಲಿ ಹೇಳೋಕಾಗಲ್ಲ. ಸಂಜೆ ಮನೆಗೆ ಬಂದು ಮಾಡ್ಕೊಡ್ತೀನಿ.’

‘ಮರೆತಿಲ್ಲಪ್ಪಾ! ಹಾಲುಕ್ಕಿತು!’ ಎಂದು ಕಿರುಚಿದೆ. ಅವನು ‘ಸ್ಟವ್ ಆಫ್ ಮಾಡಿ ಮೇಡಂ’ ಎಂದು ಇಟ್ಟುಬಿಟ್ಟ.

ಸಂಜೆಯವರೆಗೆ ಪರೀಕ್ಷೆ ಕಾಯುವುದಿಲ್ಲ. ನೀಲವ್ವ ಚಾಪೆಯಿಂದ ಎದ್ದಳು. ‘ಇರ್ಲಿ ಬಿಡ್ರಿ ಅಕ್ಕಾರ, ನೀವರೆ ಏನ್ ಮಾಡ್ತೀರಿ. ಡಬ್ಬಿ ಕಟಿಗೊಂಡು ಅರ್ಧ ದಿನಕ್ಕರೆ ಫ್ಯಾಕ್ಟರಿಗೆ ಹೋಗ್ತೀನಿ’ ಎಂದು ಬಾಗಿಲ ತನಕ ಹೋಗಿ, ಮಲ್ಲಿಗೆಯನ್ನು ತೆಗೆಯಲೋ ಬೇಡವೋ ಎಂಬಂತೆ ಜಡೆಗೆ ಕೈ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಐಟಿ ಪಾರ್ಕೆಲ್ಲ ನೆಲಕ್ಕೆ ಇಳಿದುಹೋಯಿತು.

ಆಗ ಅತ್ತೆ ಬಚ್ಚಲಿನಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ‘ಏನಂತೆ ಲಿಂಗಪ್ಪಂದು? ಬಾಗ್ಲು ತೆಗೀತಿಲ್ವಾ?’

‘ಬೀಗದ ಕೈ ತಗೊಳ್ತಿಲ್ಲ ಅತ್ತೆ.’

‘ಬೀಗದ ಕೈ ಯಾವ್ದು ಮಡಗಿದ್ದೆ?’

‘ನೀನು ನಿನ್ನೆ ಕೂಗಿದ್ಯಲ್ಲ, ಅದೇ. ಹಾಲುಕ್ಕಿತು.’

‘ನಾನ್ಯಾವಾಗ ಅಂಗಂದೆ?’

‘ಒಲೆ ಮುಂದೆ ನಿಂತ್ಕೊಂಡು ಎರಡು ಸಲ ಹಾಲುಕ್ಕಿತು ಅಂತ ಕೂಗ್ಲಿಲ್ವಾ?’

‘ಇಲ್ಲಪ್ಪ. ನಾನಂದಿದ್ದು ಆಲುಕ್ತು ಅಂತ.’

‘ಅದೇ ಅತ್ತೆ, ಹಾಲುಕ್ಕಿತು.’

‘ಅಂಗಲ್ಲ ಕಣೇ, ಕಿವಿ ಕೇಳಾಕಿಲ್ವಾ? ಆಲುಕ್ತು!’

‘ಎರಡೂ ಒಂದೇ ಅತ್ತೆ, ನಾನು ಅದನ್ನೇ…’

ಬಾಗಿಲಲ್ಲಿ ನೀಲವ್ವ ತಿರುಗಿ ನಿಂತಿದ್ದಳು. ‘ಅಮ್ಮಾರು ಅಂದಂಗ ಬರೀರಿ ಅಕ್ಕಾರ’ ಎಂದಳು.

‘ಛೆ, ನಾನು ಹ ಬಿಟ್ಟು ಬರೆಯೋದುಂಟಾ?’ ಎಂದೆ.

‘ನಿಮಗ ಗೊತ್ತಿಲ್ಲೇನ್ರಿ? ಭಾಳ ಖುಷಿ ಆದ್ರ ನೀವೂ ಅಮ್ಮಾರಂಗ ಹ ನುಂಗತೀರಿ. ಎಲ್ಲಾ ರೂಮಿನವ್ರಿಗೂ ಗೊತ್ತೈತಿ.’

ಎಲ್ಲಾ ರೂಮಿನವರಿಗೂ! ಇಷ್ಟು ವರ್ಷ ಕಾದುಕೊಂಡು ಬಂದ ವ್ರತದ ಸಂಗತಿ ಹೀಗೆ ಬೀದಿಗೆ ಬಿದ್ದಿರುವುದು ಯಜಮಾನಿಗೇ ಗೊತ್ತಿರಲಿಲ್ಲ. ಇಂಗ್ಲಿಷಿನ ಎಚ್ ಅಕ್ಷರವನ್ನು ಮುಟ್ಟದೆ, ಅತ್ತೆ ಕೂಗಿದ ಹಾಗೆಯೇ, ಆಲುಕ್ತು ಎಂದು ಒತ್ತಿದೆ.

ಬಾಗಿಲು ತೆರೆಯಿತು. ನೀಲಿ ಪರದೆ, ಅದರ ತುಂಬ ಖಾಲಿ ಜಾಗ, ಈಗ ತಾನೇ ಸುಣ್ಣ ಹೊಡೆಸಿದ ಮನೆಯಂತೆ.

‘ತೆಗೀತು! ಅತ್ತೇ, ಬೀಗ ತೆಗೀತು! ಅಂಗೇ ಇತ್ತು, ನೀನೇಳ್ದಂಗೇ ಇತ್ತು!’ ಎಂದು ಕುಣಿದೆ. ನೀಲವ್ವ ನನ್ನ ಕಡೆ ಬೆರಳು ತೋರಿಸಿ, ‘ಕೇಳಿದ್ರ್ಯಾ?’ ಎಂದು ನಗುತ್ತಾ ಚಾಪೆಯ ಮೇಲೆ ಕೂತಳು. ಈ ಸಲದ ನಗು ಕಣ್ಣಿನಲ್ಲೇ ಶುರುವಾಗಿತ್ತು. ‘ಕುಷ್ಟಗಿ’ ಎಂದು ಒತ್ತಿ ನೋಡಿದಳು. ಬೆರಳು ಏಳುವ ಮೊದಲೇ ಷ್ಟ ತನ್ನ ಒತ್ತಿನ ಸಮೇತ ಬಂದು ನಿಂತಿತ್ತು. ಗಿ ಕೂಡ.

ಪರೀಕ್ಷೆ ನಡೆಯುವಷ್ಟು ಹೊತ್ತು ಅತ್ತೆ ಬೀದಿಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕಾವಲು ಕೂತಳು. ಸೊಪ್ಪಿನವನು ಬಂದ.

‘ಏಯ್, ಒಳಗೆ ಪರೀಕ್ಷೆ ನಡೀತೈತೆ. ಬಾಯ್ಮುಚ್ಕೊಂಡು ಓಗು.’

‘ಬಾಯ್ ಮುಚ್ಕೊಂಡ್ರೆ ಸೊಪ್ಪು ಹೆಂಗ್ ಮಾರ್ಲಿ ಅಜ್ಜಿ?’

‘ಕೈಸನ್ನೆ ಮಾಡು.’

ಅವನು ನಿಜವಾಗಿಯೂ ಒಂದು ಕಟ್ಟು ದಂಟು ಎತ್ತಿ ಆಡಿಸುತ್ತಾ ಬೀದಿಯ ಕೊನೆಯವರೆಗೆ ಮೌನವಾಗಿ ಹೋದ. ಒಳಗಿನಿಂದ ಹುರುಳಿ ಹುರಿದ ಹಾಗೆ ಚಟಪಟ ಸದ್ದು ಎಡೆಬಿಡದೆ ಬರುತ್ತಿತ್ತು. ಅದನ್ನು ಕೇಳುತ್ತಾ ಕೂತ ನನಗೆ ಅಂದಿನಷ್ಟು ದೊಡ್ಡ ಕೆಲಸ ನನ್ನ ಜನ್ಮದಲ್ಲಿ ಮಾಡಿಲ್ಲ ಎನಿಸಿತು. ಮಾಡಿದ್ದೇನು ಎಂದು ಕೇಳಬೇಡಿ. ಪೆನ್‌ಡ್ರೈವ್ ಚುಚ್ಚಿದವಳು ನಾನೇ.

ನೀಲವ್ವ ಹೊರಗೆ ಬಂದವಳು ನೇರ ಅತ್ತೆಯ ಕಾಲ ಬಳಿ ಕೂತಳು. ‘ಅಮ್ಮಾರ, ಕಿವಿಗೆ ಹಾಕ್ಕೊಂಡು ಕೇಳಿ ಬರಿಯೂದ್ರಾಗ ನಿಮ್ಮಂಗ ಮಾತಾಡೋ ಒಬ್ಬ ಅಜ್ಜಿ ಬಂದಿದ್ರು ನೋಡ್ರಿ. ನಮ್ ಅಸೀಗೆ ಉಸಾರಿಲ್ಲ, ಉಲ್ಲು ಮುಟ್ಟಾಕಿಲ್ಲ ಅಂತಿದ್ರು. ನಾ ಮನಸ್ಸಿನ್ಯಾಗ ಒಂದೊಂದಕ್ಕೂ ಹ ಹಚ್ಚಿಗೋತ ಹಚ್ಚಿಗೋತ ಸರಸರ ಬರದೆ.’

‘ಉಸಾರಿಲ್ವಂತಾ?’ ಎಂದಳು ಅತ್ತೆ ಗಾಬರಿಯಿಂದ. ‘ಆಮೇಲೇನಾಯ್ತಂತೆ ಅಸೀಗೆ?’

‘ಅಷ್ಟಕ್ಕ ಮುಗೀತ್ರಿ.’

‘ಅಷ್ಟಕ್ಕೇ ಬಿಟ್ಬಂದ್ಯಾ? ಕೇಳೋದಲ್ವೇನವ್ವಾ!’ ಎಂದು ಅತ್ತೆ ಆ ಕಾಣದ ಹಸುವಿಗಾಗಿ ಸಂಜೆಯವರೆಗೂ ಪೇಚಾಡಿದಳು.

ಕೆಲಸ ಸಿಕ್ಕಿತು. ನೀಲವ್ವ ಗಾರ್ಮೆಂಟ್ಸಿಗೆ ಹೋಗುವುದು ಬಿಟ್ಟಳು. ರೂಮಿನ ಕಿಟಕಿಯ ಕೆಳಗೆ ಶರಣಪ್ಪ ಸೆಂಟ್ರಿಂಗ್ ಹಲಗೆಯದೇ ಒಂದು ಗಟ್ಟಿ ಮೇಜು ಹೊಡೆದುಕೊಟ್ಟ. ಮಹಡಿಯ ರೂಮುಗಳವರು ತಮ್ಮ ಮುದಿ ಲ್ಯಾಪ್‌ಟಾಪುಗಳನ್ನು ಹಿಡಿದು ಬರತೊಡಗಿದರು. ಅತ್ತೆ ಮೊದಲು ವಾರ ಯಾವುದೆಂದು ಕೇಳುತ್ತಾಳೆ, ಆಮೇಲೆ ಹಾಲು ತಂದಿದ್ದೀರಾ ಎಂದು ಕೇಳುತ್ತಾಳೆ. ನಾನೀಗ ಎಫ್ ಹನ್ನೆರಡನ್ನು ಒಂದೇ ಸಲ ಒತ್ತುತ್ತೇನೆ.

ಒಂದು ಬೆಳಿಗ್ಗೆ ಶರಣಪ್ಪ ಕುಷ್ಟಗಿಯ ಬಸ್ಸಿನಿಂದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಗಂಗಾ ನಿದ್ದೆಗಣ್ಣಿನಲ್ಲಿ ಅಮ್ಮನ ಸೆರಗು ಹಿಡಿದು ನಮ್ಮ ನಡುಮನೆಯಲ್ಲಿ ನಿಂತಳು. ಅತ್ತೆ ಆಗಲೇ ಒಲೆಯ ಮೇಲೆ ಉಕ್ಕಿಸಿ, ಸಕ್ಕರೆ ಕದಡಿ, ಆರಿಸಿ ಇಟ್ಟಿದ್ದ ಲೋಟ ತಂದು ಮಗುವಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

‘ಆಲು ಕುಡೀತೀಯಾ ಮಗಾ?’

ಗಂಗಾ ಲೋಟವನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಆಮೇಲೆ ತಲೆ ಎತ್ತಿ ತಾಯಿಯನ್ನು ಕೇಳಿದಳು:

‘ಯವ್ವಾ, ಈ ಊರಾಗ ಆಲೂಗಡ್ಡಿ ಕುಡೀತಾರನ?’